ಯಾರ ಹೆಗಲಿಗೂ ಬೇಡ

"ನಿಧಾನ, ನಿಧಾನ! ಮುಂದಿನ ಚಕ್ರ ಹೊಸ್ತಿಲಿಗೆ ಸಿಕ್ಕಿಕೊಂಡಿದೆ," ಎಂದು ಪಕ್ಕದ ಮನೆಯ ಬಡಗಿ ಕೂಗಿದ. ಅಣ್ಣನ ಶವದ ಪೆಟ್ಟಿಗೆ ಆಸ್ಪತ್ರೆಯ ಹಳೆಯ ಟ್ರಾಲಿಯ ಮೇಲೆ ಅರ್ಧ ಕೋಣೆಯೊಳಗೆ, ಅರ್ಧ ಬೀದಿಯಲ್ಲಿ ನಿಂತಿತ್ತು.

"ಇದ್ಯಾಕೆ ಗಾಡಿ? ಹೊರೋಕೆ ಜನ ಇಲ್ವಾ?" ಎಂದಳು ತಂಗಿ.

"ಇದೀವಲ್ಲಮ್ಮ. ನಿಮ್ಮಣ್ಣನವರೇ ಮೊದಲೇ ಹೇಳಿಟ್ಟಿದ್ರು. ಯಾರ ಹೆಗಲಿಗೂ ಬೇಡ, ಟ್ರಾಲಿ ಸಾಕು ಅಂತ."

ಇಡೀ ಆಯುಷ್ಯ ಆಸ್ಪತ್ರೆಯಲ್ಲಿ ರೋಗಿಗಳ ಟ್ರಾಲಿ ತಳ್ಳಿದವನು ಅಣ್ಣ. ಮದುವೆಯಿಲ್ಲ, ಮಕ್ಕಳಿಲ್ಲ. ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಆಳು ಕಡ್ಡಿಯಂತಿದ್ದರೂ ವಾರ್ಡಿನವರು ಅವನನ್ನು ಒಂಟಿಸಲಗ ಎಂದೇ ರೇಗಿಸುತ್ತಿದ್ದರು.

"ಪುಣ್ಯಾತ್ಮ. ಒಬ್ಬರಿಗೂ ತೊಂದರೆ ಕೊಟ್ಟೋರಲ್ಲ," ವಾರ್ಡಿನ ನರ್ಸ್ ಕಣ್ಣೊರೆಸಿಕೊಂಡಳು. "ಜನರ ಮೇಲೆ ಅಷ್ಟು ಕಾಳಜಿ."

ತಂಗಿಗೆ ಮೈಯುರಿಯಿತು. "ಕಾಯಿಲೆ ಅಂತ ನನಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಬೇಡ ಅಂದ್ರು. ಅವಳು ಎರಡು ಬಸ್ ಬದಲಾಯಿಸಿ ಬರ್ಬೇಕು, ಪಾಪ ಅಂದ್ರು."

ಕೊನೆಯ ಗಳಿಗೆಯಲ್ಲಿ ಅಣ್ಣನ ಪಕ್ಕ ಯಾರಿದ್ದರು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

*

ಗಂಡ ತೀರಿಕೊಂಡ ವರ್ಷ ಅವಳು ಇದೇ ಕೋಣೆಗೆ ಬಂದಿದ್ದಳು. ಇದ್ದೊಂದು ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಇದ್ದೊಂದು ಲೋಟದಲ್ಲಿ ಚಹಾ ಕೊಟ್ಟು, ಅಣ್ಣ ಗೋಡೆಗೊರಗಿ ನಿಂತಿದ್ದ.

"ನನ್ನ ಜೊತೆ ಬಂದಿರು ಅಣ್ಣ. ಮನೆ ಬಿಕೋ ಅನ್ನತ್ತೆ."

"ಹುಚ್ಚಿ. ವಯಸ್ಸಾದ ಮನುಷ್ಯ ಎಷ್ಟು ಭಾರ ಗೊತ್ತಾ ನಿನಗೆ? ದಿನಾ ತಳ್ಳೋನು ನಾನು. ನಿನ್ನ ತಲೆ ಮೇಲೆ ನಾನೂ ಒಂದು ಹೊರೆ ಆಗ್ಲಾ?"

ಆಗು ಅಣ್ಣ, ಆ ಹೊರೆಯೇ ನನಗೆ ಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಿಂಕ ಅಡ್ಡ ಬಂತು. ಅವನಿಗೂ ಚಹಾ ಬೇಕಾದೀತೆಂದು ಲೋಟ ತೊಳೆದಿಟ್ಟು ಎದ್ದು ಬಂದಿದ್ದಳು.

*

"ಇಳಿಸಿ," ಎಂದಳು ತಂಗಿ.

"ಏನಮ್ಮ?"

"ಟ್ರಾಲಿಯಿಂದ ಇಳಿಸಿ. ಹೊತ್ಕೊಂಡು ಹೋಗೋಣ. ಒಂದು ಕಡೆ ನಾನು ಹೆಗಲು ಕೊಡ್ತೀನಿ."

"ಅವರ ಮಾತು ಮೀರೋದು..." ಬಡಗಿ ತಡವರಿಸಿದ.

"ಬದುಕಿರೋವರೆಗೂ ಅವನ ಮಾತೇ ನಡೀತಲ್ಲ. ಇವತ್ತೊಂದು ದಿನ ನಂದು ನಡೀಲಿ."

ಪೆಟ್ಟಿಗೆ ಹೆಗಲೇರಿತು. ಹಿಂದೆ ವಾರ್ಡಿನ ಇಬ್ಬರು, ಮುಂದೆ ಬಡಗಿ ಮತ್ತು ತಂಗಿ. ಮರ ಒತ್ತದಿರಲೆಂದು ಬಡಗಿ ತನ್ನ ಟವೆಲ್ ಮಡಚಿ ಅವಳ ಹೆಗಲ ಮೇಲಿಟ್ಟ. ನರ್ಸ್ ಖಾಲಿ ಟ್ರಾಲಿ ತಳ್ಳಿಕೊಂಡು ಹಿಂದೆ ಬಂದಳು. ಸಂಜೆಯೊಳಗೆ ಅದು ವಾರ್ಡಿಗೆ ಬೇಕಿತ್ತು.

ಅಣ್ಣ ತೀರ ಹಗುರವಾಗಿದ್ದ. ಬೀದಿಯ ತಿರುವು ದಾಟಿದರೂ ಹೆಗಲಿಗೆ ಏನೂ ಅನ್ನಿಸಲಿಲ್ಲ. ತಂಗಿ ಇನ್ನೊಂದು ಕೈಯಿಂದ ಟವೆಲನ್ನು ಎಳೆದು ಕೆಳಕ್ಕೆ ಬಿಟ್ಟಳು. ಮರದ ಅಂಚು ಮೂಳೆಗೆ ಒತ್ತಿತು.

"ನೋಯ್ತಿದ್ಯಾಮ್ಮ? ಬೇರೆಯವರಿಗೆ ಕೊಡ್ತೀರಾ?" ಬಡಗಿ ಕೇಳಿದ.

ಅವಳು ಪೆಟ್ಟಿಗೆಯ ಅಡಿಗೆ ಇನ್ನಷ್ಟು ಸರಿದಳು.