ಹೊಳೆಗಿಳಿದ ರುಬ್ಬುಗುಂಡು

ಬೆಟ್ಟಯ್ಯನ ತೆಪ್ಪದಲ್ಲಿ ಎರಡನೆಯ ಆಳು ಇರಲಿಲ್ಲ.

ಬಿದಿರಿನ ದುಂಡು ತೆಪ್ಪಕ್ಕೆ ಇಬ್ಬರು ಬೇಕು. ಒಬ್ಬ ಬಲೆ ಎಳೆಯಲು ಅಂಚಿಗೆ ಬಾಗಿದರೆ ಇನ್ನೊಬ್ಬ ಎದುರು ಅಂಚಿಗೆ ಸರಿದು ಕೂರಬೇಕು. ಇಲ್ಲದಿದ್ದರೆ ತೆಪ್ಪ ಮಗುಚುತ್ತದೆ. ಹದಿನೆಂಟು ವರ್ಷ ಹಾಗೆ ಎದುರು ಕೂತವನು ಹೆಂಡತಿಯ ತಮ್ಮ ಚಲುವಯ್ಯ. ಹೆಂಡತಿ ಪುಟ್ಟಮಾದಮ್ಮ ಸತ್ತ ಮೂರನೆಯ ತಿಂಗಳಲ್ಲಿ ತೆಪ್ಪ ನಿಲ್ಲಿಸುವ ಕಲ್ಲು ಹಗ್ಗ ಹರಿದು ಹೊಳೆಯ ಪಾಲಾಯಿತು. ಬೆಟ್ಟಯ್ಯ ಅಡುಗೆಮನೆಯಿಂದ ಅವಳ ರುಬ್ಬುಗುಂಡು ತಂದು ಹೊಸ ಹಗ್ಗ ಕಟ್ಟಿದ. ಅವಳು ಹಿಡಿದು ಹಿಡಿದು ಸವೆದ ಜಾಗದಲ್ಲಿ ಗಂಟು ಚೆನ್ನಾಗಿ ಕೂತಿತು.

"ಅಕ್ಕನ ಗುಂಡ ಒಳೆಗಾಕ್ತೀರಾ ಬಾವ?" ಎಂದ ಚಲುವಯ್ಯ.

"ಇನ್ನೇನ್ ಮಾಡ್ಲಿ, ನೀ ಬಂದು ರುಬ್ತೀಯಾ?"

ಚಲುವಯ್ಯ ಅಂದು ತೆಪ್ಪ ಹತ್ತಲಿಲ್ಲ. ಆಮೇಲೂ ಹತ್ತಲಿಲ್ಲ. ದಡದ ಕಬ್ಬಿನ ಗದ್ದೆಗಳಲ್ಲಿ ಕೂಲಿಗೆ ಹೋಗತೊಡಗಿದ. ಎಂಟು ತಿಂಗಳು ಬೆಟ್ಟಯ್ಯ ಎದುರು ಅಂಚಿನಲ್ಲಿ ಗುಂಡನ್ನು ಕೂರಿಸಿಕೊಂಡು ಮೀನು ಹಿಡಿದ. ಗುಂಡು ಬೀಡಿ ಕೇಳುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ.

೧೯೯೭ರ ಮೇ ತಿಂಗಳ ಒಂದು ಮಧ್ಯಾಹ್ನ ಮುಡುಕುತೊರೆ ಬೆಟ್ಟದ ಹಿಂದಿನಿಂದ ಗಾಳಿ ಎದ್ದಾಗ ಅವನು ನಡುಹೊಳೆಯಲ್ಲಿದ್ದ. ಎಷ್ಟು ಹುಟ್ಟು ಹಾಕಿದರೂ ತೆಪ್ಪ ಇದ್ದಲ್ಲೇ ಸುತ್ತಿತು. ಅಂಥ ಹೊತ್ತಿನಲ್ಲಿ ಕಲ್ಲು ಇಳಿಸಿ ಕೂರುವುದು ರೂಢಿ. ಅರ್ಧ ಗಂಟೆಯಲ್ಲಿ ಗಾಳಿ ತಗ್ಗುತ್ತದೆ. ಅವನು ಗುಂಡನ್ನು ನೀರಿಗಿಳಿಸಿ, ಗೊಬ್ಬರದ ಚೀಲವನ್ನು ತಲೆಗೆ ಹಾಕಿಕೊಂಡು ನಡುವೆ ಕುಕ್ಕರಗಾಲಿನಲ್ಲಿ ಕೂತ.

ಗಾಳಿ ತಗ್ಗಲಿಲ್ಲ. ಆಲಿಕಲ್ಲು ಬಿತ್ತು. ಹಗ್ಗ ಬಿಗಿದ ಕಡೆ ತೆಪ್ಪ ವಾಲಿ, ಅಲೆ ಒಳಕ್ಕೆ ನುಗ್ಗುತ್ತಿತ್ತು. ಬೆಟ್ಟಯ್ಯ ಊಟದ ಡಬ್ಬಿಯ ಮುಚ್ಚಳದಿಂದ ನೀರು ಹೊರಕ್ಕೆ ಎರಚಿದ. ಒಂದು ಗಂಟೆ ಕಳೆಯಿತು. ದಡ ಕಾಣಲಿಲ್ಲ. ಅವನು ತಡವಾದರೆ ಬಾಗಿಲಿಗೆ ಬಂದು ನೋಡುವವರು ಮನೆಯಲ್ಲಿ ಇರಲಿಲ್ಲ. ಎರಡು ಸಲ ಎದುರು ಅಂಚಿನತ್ತ ನೋಡಿ ಬಾಯಿ ತೆರೆದ. ಅಲ್ಲಿ ಗುಂಡೂ ಇರಲಿಲ್ಲ.

ಆಲಿಕಲ್ಲು ನಿಂತಾಗ ಕೆಳಗಿನ ಮರಳುದಿಬ್ಬದ ಮೇಲೆ ಚಲುವಯ್ಯ ಕಂಡ. ಗದ್ದೆಯಿಂದ ಓಡಿ ಬಂದಿದ್ದ.

"ಅಗ್ಗ ಕುಯ್ದಾಕಿ ಬಾವ! ತೆಪ್ಪ ತಾನೇ ದಿಬ್ಬಕ್ ಬತ್ತದೆ!"

"ಗುಂಡು ಓಯ್ತದೆ ಕಣ್ಲಾ!"

"ಓಗ್ಲಿ!"

"ನಿಮ್ಮಕ್ಕಂದು!"

"ಅಕ್ಕನೇ ಓದ್ಲು, ಗುಂಡ್ ಮಡಿಕ್ಕೊಂಡ್ ಪೂಜೆ ಮಾಡ್ತೀರಾ? ಕುಯ್ರೀ ಅಂದ್ರೆ!"

ಎಂಟು ತಿಂಗಳಲ್ಲಿ ಅವರಿಬ್ಬರು ಆಡಿದ ಮೊದಲ ಮಾತುಗಳು ಇವು. ಬೆಟ್ಟಯ್ಯ ಸೊಂಟದ ಚಾಕು ತೆಗೆದು ಹಗ್ಗದ ಮೇಲೆ ಇಟ್ಟ. ಆದರೆ ಕುಯ್ಯಲಿಲ್ಲ. ಗುಂಡನ್ನು ಎತ್ತಿ ಚಲುವಯ್ಯನ ಕೈಗೆ ಕೊಟ್ಟರೆ ನಾಳೆ ತೆಪ್ಪ ಹತ್ತುತ್ತಾನೆ ಎಂದು ಅವನಿಗೆ ಅನ್ನಿಸಿತು. ಚಾಕು ಕೆಳಗಿಟ್ಟು, ಎರಡು ಕೈಯಲ್ಲೂ ಹಗ್ಗ ಹಿಡಿದು ಅಂಚಿಗೆ ಬಾಗಿ ಎಳೆದ.

"ಬಗ್ಗಬ್ಯಾಡಿ ಬಾವ! ಆ ಕಡೆ ಯಾರವ್ರೆ?"

ಯಾರೂ ಇರಲಿಲ್ಲ. ತೆಪ್ಪ ಮಗುಚಿತು.

ಚಲುವಯ್ಯ ಈಜಿಕೊಂಡು ಹೋಗಿ ಅವನ ತಲೆಗೂದಲು ಹಿಡಿದು ದಿಬ್ಬಕ್ಕೆ ಎಳೆದು ತಂದ. ಬೆಟ್ಟಯ್ಯ ನೀರು ಕಕ್ಕಿದ. ಹೊಳೆಯ ನಡುವೆ ತೆಪ್ಪ ಬೆನ್ನು ಮೇಲಾಗಿ ಹಗ್ಗದಲ್ಲಿ ಜಗ್ಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹಗ್ಗ ಕಟ್ಟಿದ್ದ ಬಿದಿರು ಮುರಿದು, ತೆಪ್ಪ ಬಲೆಗಳನ್ನು ಎಳೆದುಕೊಂಡು ಕೆಳಕ್ಕೆ ಹೋಯಿತು.

"ಎತ್ತಿ ನಿಂಗ್ ಕೊಡೋವ ಅಂತಿದ್ದೆ," ಎಂದ ಬೆಟ್ಟಯ್ಯ.

"ನಾನೇನ್ ರುಬ್ತೀನಾ?"

ಬೆಟ್ಟಯ್ಯ ಮರಳಿನಲ್ಲಿ ಬಿದ್ದಿದ್ದ ಆಲಿಕಲ್ಲೊಂದನ್ನು ಕಾಲಲ್ಲಿ ತಳ್ಳಿದ. "ನಾಳಿಕ್ ಬತ್ತೀಯೇನ್ಲಾ?"

"ಯಾವುದ್ರಲ್ಲಿ?" ಎಂದ ಚಲುವಯ್ಯ. ಒದ್ದೆ ಪಂಚೆ ಹಿಂಡಿಕೊಂಡು, ಬಿಟ್ಟು ಬಂದಿದ್ದ ಕುಡುಗೋಲು ತರಲು ಕಬ್ಬಿನ ಗದ್ದೆಯ ಕಡೆ ನಡೆದ.

ಬೆಟ್ಟಯ್ಯ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದ. ತೆಪ್ಪ ಒಂದು, ಹುಟ್ಟು ಒಂದು, ಬಲೆ ಎರಡು, ಚಾಕು ಒಂದು, ರುಬ್ಬುಗುಂಡು ಒಂದು ಹೋಗಿದ್ದವು.