ಸೊಟ್ಟ ಬಾಣ

ಬೋರ್ಡಿನ ಅಕ್ಷರಗಳ ಕೆಳಗೆ ಎಳೆಯುವ ಗೆರೆಯನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ನಡುವೆ ಕುಂಚ ಎತ್ತಿದರೆ ಆ ಗಂಟು ಕೊನೆಯವರೆಗೂ ಕಾಣುತ್ತದೆ. ಮೂವತ್ತು ವರ್ಷ ಊರಿನ ಅಂಗಡಿಗಳಿಗೆಲ್ಲ ಅಂಥ ಗೆರೆ ಎಳೆದವನು ನಾನು. ಬಸ್ ಸ್ಟ್ಯಾಂಡಿನ ಎದುರು ಬಾರಿನ ಹೆಸರನ್ನು ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಬರೆದವನೂ ನಾನೇ. ಆ ವರ್ಷ ಮಾತ್ರ ಗೆರೆಗಳು ನಡುಗತೊಡಗಿದವು. ಕುಂಚ ಸರಿಯಿಲ್ಲ ಎಂದೆ, ಬಣ್ಣ ಕಲಬೆರಕೆ ಎಂದೆ. ಹೆಣ್ಣುಮಕ್ಕಳ ಶಾಲೆಯವರು ಬೋರ್ಡನ್ನು ವಾಪಸು ಕಳಿಸಿದಾಗ ಅವರಿಗೆ ಕಣ್ಣಿಲ್ಲ ಎಂದೆ. ಒಂದೊಂದಾಗಿ ಕೆಲಸಗಳು ಕೈಬಿಟ್ಟು ಹೋಗುತ್ತಿದ್ದವು. ಬೆಳಿಗ್ಗೆ ಒಂದು ಗುಟುಕು ಹಾಕಿದರೆ ಕೈ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು; ಅದನ್ನು ನಾನು ಔಷಧಿಯ ಲೆಕ್ಕಕ್ಕೆ ಸೇರಿಸಿದ್ದೆ.

ಆಗಲೇ ನನ್ನ ಹೆಂಡತಿ ವಿಶಾಲುವಿನ ತಮ್ಮ ನಂಜುಂಡ ಬಾಗಿಲಿಗೆ ಬಂದದ್ದು. ಕುಡಿದು ಬಂದು ರಂಪ ಮಾಡಿದನೆಂದು ಮೂರು ವರ್ಷದ ಹಿಂದೆ ನಾನೇ ಅವನಿಗೆ ಹೊಸಿಲು ತುಳಿಯಬೇಡ ಎಂದಿದ್ದೆ.

“ಭಾವ, ಕುಡಿಯೋದು ಬಿಡಬೇಕು ಅನ್ನೋರು ಸೇರೋ ಸಭೆ ಒಂದು ಈ ಊರಲ್ಲಿ ನಡೀತದೆ. ಎಲ್ಲಿ ಅಂತ ವಿಚಾರಿಸಿ, ನನ್ನ ಜೊತೆ ಬನ್ನಿ.”

“ಕುಡುಕರಿಗೆ ಸಭೆ ಒಂದು ಕೇಡು ಬೇರೆ!” ಎಂದು ರೇಗಿದೆ.

“ಹೋಗಿ ಬನ್ನಿ ಅಂದ್ರೆ,” ಎಂದಳು ವಿಶಾಲು ಅಡುಗೆಮನೆಯಿಂದ. ಅವಳ ದನಿ ಒಡೆದಿತ್ತು. ತಮ್ಮನ ಚಿಂತೆ ಎಂದುಕೊಂಡೆ.

ಮೂರು ಭಾನುವಾರ ಅಲೆದೆವು. ಆಸ್ಪತ್ರೆಯ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮಗಾ?” ಎಂದ. “ನನಗಲ್ಲ ಸ್ವಾಮಿ, ಇವನಿಗೆ!” ಎಂದು ಕೂಗಿದೆ. ವಾಚನಾಲಯದವರು ಇದು ಮರ್ಯಾದಸ್ಥರು ಬರುವ ಜಾಗ ಎಂದರು. ನಂಜುಂಡ ತಲೆತಗ್ಗಿಸಿಕೊಂಡು ಹಿಂದೆ ಬರುತ್ತಿದ್ದ. ಕೊನೆಗೆ ಹೂ ಮಾರುವ ಹೆಂಗಸೊಬ್ಬಳು ದನಿ ತಗ್ಗಿಸದೆ ಹೇಳಿದಳು: “ಹೊಲಿಗೆ ಶಾಲೆ ಹಿಂದ್ಗಡೆ ಕಣಣ್ಣ. ನಮ್ಮೆಜಮಾನ್ರೂ ಹೋಗ್ತಾರೆ.” ನನಗೆ ಮೈಯೆಲ್ಲ ಉರಿದುಹೋಯಿತು. ಕುಡಿಸುವವರಿಗೆ ಆಳೆತ್ತರದ ಅಕ್ಷರ, ಬಿಡಿಸುವವರಿಗೆ ಅಂಗೈಯಗಲದ ಬೋರ್ಡೂ ಇಲ್ಲ. ಇದೆಂಥ ಊರು!

ಶಾಲೆಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಹೊದಿಸಿದ ಹೊಲಿಗೆ ಯಂತ್ರಗಳ ನಡುವೆ ಹತ್ತು ಜನ ಸೇರಿದ್ದರು. ಯಾರೂ ಹೇಳದೆಯೇ ನಂಜುಂಡ ಕದದ ಹಿಂದಿನಿಂದ ಚಾಪೆ ತೆಗೆದು ಹಾಸಿದ. ಚುರುಕಾಗಿದ್ದಾನೆ ಎಂದುಕೊಂಡೆ. ಹಿಂದೆ ಪೋಸ್ಟ್‌ಮ್ಯಾನ್ ಆಗಿದ್ದ ಮರಿಸ್ವಾಮಯ್ಯನವರು ಅಲ್ಲಿಗೆ ಹಿರಿಯರು. “ಇಲ್ಲಿ ಅವರವರ ಮಾತು ಅವರವರದು. ಇನ್ನೊಬ್ಬರನ್ನ ಕುಡುಕ ಅನ್ನೋ ಹಾಗಿಲ್ಲ,” ಎಂದರು. ನನ್ನ ಸರದಿ ಬಂದಾಗ, “ನಾನು ಇವನ ಭಾವ, ಜೊತೆಗೆ ಬಂದೋನು,” ಎಂದು ನಂಜುಂಡನ ಹಳೆಯ ಅವತಾರಗಳನ್ನೆಲ್ಲ ಬಿಚ್ಚಿಟ್ಟೆ. ಯಾರೂ ತಡೆಯಲಿಲ್ಲ. “ಬಂದಿರಲ್ಲ, ಸಂತೋಷ,” ಎಂದರು ಮರಿಸ್ವಾಮಯ್ಯ.

ದೊಡ್ಡ ಬೋರ್ಡು ಬರೆದುಕೊಡುತ್ತೇನೆ ಎಂದೆ. “ಬೇಡಿ, ಜನ ನಾಚ್ಕೊಂಡು ಒಳಗೆ ಬರಲ್ಲ. ಓಣಿ ತಿರುವಲ್ಲಿ ಒಂದು ಬಾಣ ಬರೀರಿ, ಸಾಕು,” ಎಂದರು. ಮೂವತ್ತು ವರ್ಷದ ಕಸುಬುದಾರನಿಗೆ ಒಂದು ಬಾಣ! ಅವಮಾನವೆನಿಸಿ ಮುಂದೂಡುತ್ತ ಬಂದೆ.

ಕುಡಿತ ಬಿಟ್ಟವರು ಒಂದೊಂದು ವರ್ಷ ತುಂಬಿದಾಗಲೂ ಅಲ್ಲಿ ತಮ್ಮ ಕೈಯಾರೆ ಬೆಲ್ಲದ ಅಚ್ಚು ಒಡೆದು ಹಂಚುವುದು ಪದ್ಧತಿ. ಏಳನೆಯ ವಾರ ಮರಿಸ್ವಾಮಯ್ಯನವರು ಅಚ್ಚನ್ನು ನಂಜುಂಡನ ಕೈಗಿಟ್ಟರು. “ಎರಡು ವರ್ಷ,” ಎಂದರು.

“ಎರಡು ವರ್ಷವಾ? ಇವನು ಬಂದು ಏಳು ವಾರ ಆಯ್ತಷ್ಟೆ!”

“ಎರಡು ವರ್ಷದಿಂದ ಇಲ್ಲಿಗೇ ಬರ್ತಿದೀನಿ ಭಾವ,” ಎಂದ ನಂಜುಂಡ. “ನಿಮ್ಮ ಸಲುವಾಗಿ ಅಕ್ಕ ನನ್ನ ಹತ್ರ ಬಂದು ಅತ್ಲು.”

“ಮತ್ತೆ ಮೂರು ವಾರ ನನ್ನನ್ನ ಊರೆಲ್ಲ ಅಲೆಸಿದ್ದು?”

“ಎಳ್ಕೊಂಡು ಬಂದೋರು ಇಲ್ಲಿ ಉಳಿಯಲ್ಲ ಭಾವ. ಹುಡುಕ್ಕೊಂಡು ಬಂದೋರೇ ಉಳಿಯೋದು.”

ಅವನು ಒಡೆದು ಕೈಗಿಟ್ಟ ಬೆಲ್ಲವನ್ನು ಚಾಪೆಯ ಮೇಲೆ ಬಿಸಾಡಿ ಎದ್ದು ಬಂದೆ. ಏಳು ವಾರ ನಾನು ಉಪದೇಶ ಮಾಡುತ್ತಿದ್ದರೆ ಇವರೆಲ್ಲ ನನ್ನನ್ನೇ ನೋಡುತ್ತ ಕೂತಿದ್ದರೇ? ಸುಮ್ಮನಿದ್ದವರ ಮೇಲೆ ಬಂದಷ್ಟು ಸಿಟ್ಟು ಬೈದವರ ಮೇಲೆ ನನಗೆಂದೂ ಬಂದಿಲ್ಲ. ಮರುದಿನ ಬೆಳಿಗ್ಗೆ ಗುಟುಕು ಹಾಕದೆ, ಹಠಕ್ಕೆ ಹೊಸ ಕುಂಚ ತಂದು, ಹೊಸ ಡಬ್ಬಿ ತೆರೆದು ಹಲಗೆಯ ಮೇಲೆ ಗೆರೆ ಎಳೆದೆ. ಅದು ತೊದಲಿತು. ಒರೆಸಿ ಮತ್ತೆ ಎಳೆದೆ, ಮತ್ತೂ ಎಳೆದೆ. ಬೈಯಲು ಕುಂಚವೂ ಉಳಿದಿರಲಿಲ್ಲ, ಬಣ್ಣವೂ ಉಳಿದಿರಲಿಲ್ಲ. ತಿಂಡಿ ತಂದ ವಿಶಾಲು ಹಲಗೆ ನೋಡಿದಳು, ತಟ್ಟೆಯಿಟ್ಟು ಒಳಗೆ ಹೋದಳು. ಅವಳನ್ನು ಕೂಗಿ ಕರೆಯಬೇಕೆನಿಸಿತು; ಕರೆಯದೆ ಹಲಗೆ ಒರೆಸಿದೆ.

ಮುಂದಿನ ಭಾನುವಾರ ಡಬ್ಬಿ ಹಿಡಿದು ಒಬ್ಬನೇ ಹೋದೆ. ಅಂದೂ ಗುಟುಕು ಹಾಕಿರಲಿಲ್ಲ. ಓಣಿಯ ತಿರುವಿನಲ್ಲಿ ಗೋಡೆಗೆ ಬಾಣ ಬರೆದೆ; ಹಾವು ಹರಿದಂತೆ ಬಂತು. ಒಳಗೆ ಸರದಿ ಬಂದಾಗ ಅಭ್ಯಾಸಬಲದಿಂದ, “ನಾನು ನಂಜುಂಡನ ಭಾವ,” ಎಂದು ಶುರುಮಾಡಿ ನಿಲ್ಲಿಸಿದೆ.

“ನಾನು ಕುಡೀತೀನಿ. ಕೈ ನಿಲ್ತಿಲ್ಲ.”

“ಬಂದಿರಲ್ಲ, ಸಂತೋಷ,” ಎಂದರು ಮರಿಸ್ವಾಮಯ್ಯ, ಮೊದಲ ದಿನದ ಅದೇ ದನಿಯಲ್ಲಿ.

ಕೈ ನಿಲ್ಲಲು ಬಹಳ ಕಾಲ ಹಿಡಿಯಿತು. ಹೆಣ್ಣುಮಕ್ಕಳ ಶಾಲೆಯ ಬೋರ್ಡನ್ನು ಮತ್ತೆ ನಾನೇ ಬರೆದೆ. ಆ ಮೂರು ವಾರದ ಅಲೆದಾಟಕ್ಕಾಗಿ ನಂಜುಂಡನನ್ನು ಇಂದಿಗೂ ಕ್ಷಮಿಸಿಲ್ಲ. ವರ್ಷಕ್ಕೊಮ್ಮೆ ಅವನು ಕೊಡುವ ಬೆಲ್ಲ ತಿನ್ನುತ್ತಲೇ ಬೈಯುತ್ತೇನೆ. ಬಾಣ ಮಾಸಿದಾಗಲೆಲ್ಲ ಹೊಲಿಗೆ ಶಾಲೆಯವರು ಈ ಸಲವಾದರೂ ನೆಟ್ಟಗೆ ಬರೆಯಿರಿ ಎನ್ನುತ್ತಾರೆ. ನಾನು ಡಬ್ಬಿ ಹಿಡಿದು ಹೋಗಿ, ಹಳೆಯ ನಡುಕದ ಮೇಲೆಯೇ, ಅದರ ಒಂದೊಂದು ತಿರುವನ್ನೂ ಬಿಡದೆ ಕುಂಚ ಆಡಿಸಿ ಬರುತ್ತೇನೆ. ನಡುಕ ನಿಂತ ಕೈಯಲ್ಲಿ ಅದು ಒಂದೇ ಉಸಿರಿಗೆ ಮುಗಿಯುವ ಕೆಲಸವಲ್ಲ.