ಮರದಡಿ ಬಿದ್ದದ್ದು

"ನಿಮ್ಮೂರ ಸೇಬು ಬಹಳ ಸಿಹಿ ಕಣ್ರೀ, ಎನಿಡಮ್ಮ," ಎನ್ನುತ್ತ ಡೂಗಲ್ ಅಡುಗೆಮನೆ ಬಾಗಿಲಲ್ಲಿ ನಿಂತ. ಕಡಲಲ್ಲಿ ಮಿಂದ ಮೈ ಇನ್ನೂ ಒದ್ದೆಯಾಗಿತ್ತು. ಕೈಯಲ್ಲಿ ಕಚ್ಚಿದ ಪುಟ್ಟ ಹಸಿರು ಹಣ್ಣು.

ಎನಿಡಳ ಕೈಯಲ್ಲಿದ್ದ ಮೀನು ಜಾರಿ ಬೋಗುಣಿಗೆ ಬಿತ್ತು. "ಉಗೀರಿ. ನುಂಗಿಬಿಟ್ರಾ?"

"ಒಂದು ತುತ್ತು, ದಾರೀಲಿ. ಯಾಕೆ?"

ಅದು ಮ್ಯಾಂಚಿನೀಲ್, ಸೇಬಿನಂತೆ ಕಾಣುವ ವಿಷದ ಹಣ್ಣು. ಆ ಮರದ ನೆರಳಲ್ಲೂ ನಿಲ್ಲಬಾರದೆಂದು ಕಾರಿಯಾಕು ದ್ವೀಪದಲ್ಲಿ ಮಕ್ಕಳಿಗೂ ಗೊತ್ತು. ಹೊರಗಿನವರಿಗೆ ತಿಳಿಯಲೆಂದು ಕಾಂಡಕ್ಕೆ ಕೆಂಪು ಪಟ್ಟಿ ಬಳಿಯುತ್ತಾರೆ. ಎನಿಡಳ ಮನೆ ಕೆಳಗೆ ಕಡಲದಂಡೆಯಲ್ಲಿದ್ದ ಮರಕ್ಕೆ ಪ್ರತಿ ವರ್ಷ ಅವಳ ಗಂಡ ಬಳಿಯುತ್ತಿದ್ದ. ಅವನು ತೀರಿಕೊಂಡು ನಾಲ್ಕು ವರ್ಷ. ಬಣ್ಣ ಮಾಸಿದ್ದು ಅವಳಿಗೆ ಕಾಣಿಸಿರಲಿಲ್ಲ ಎಂದಲ್ಲ, ನಾಳೆ ನೋಡೋಣ ಎಂದುಕೊಂಡಿದ್ದಳು.

ಡೂಗಲ್ ದೂರದ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಆಸಾಮಿ. ಸರಕಿನ ದೋಣಿ ಹತ್ತಿ ಬಂದು, ಎನಿಡಳ ಹಿತ್ತಿಲ ಕೋಣೆ ಬಾಡಿಗೆಗೆ ಹಿಡಿದು, ಬರೀ ಬ್ರೆಡ್ಡಿನಲ್ಲಿ ದಿನ ತಳ್ಳುತ್ತಿದ್ದ. ನೋಡಲಾರದೆ ಮೊನ್ನೆ ಅವಳೇ ಜಂಬ ಕೊಚ್ಚಿದ್ದಳು: "ನಮ್ಮಲ್ಲಿ ಮರದಡಿ ಬಿದ್ದದ್ದಕ್ಕೆ ಯಾರೂ ಕಾಸು ಕೇಳಲ್ಲ. ಎತ್ಕೊಂಡು ತಿನ್ನಿ." ಪುಣ್ಯಾತ್ಮ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದ.

"ಗಂಟಲಲ್ಲಿ ಮೆಣಸು ಅರೆದ ಹಾಗೆ..." ಎಂದ ಡೂಗಲ್. ಮುಂದಿನ ಮಾತು ಹೊರಡಲಿಲ್ಲ.

ಎನಿಡ್ ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದಳು. ದೋಣಿ ಕಟ್ಟುವ ಲೆನಾಕ್ಸ್ ವ್ಯಾನು ತೆಗೆದ.

"ಇವರೂರಲ್ಲಿ ಸೇಬೇ ಸಿಗಲ್ವೇನು ಚಿಕ್ಕಮ್ಮ?"

"ಬಾಯಿ ಮುಚ್ಕೊಂಡು ಓಡ್ಸೋ."

ಏರು ಹತ್ತುವಾಗ ಡೂಗಲ್‌ನ ಉಸಿರು ಸಿಳ್ಳೆ ಹೊಡೆಯತೊಡಗಿತು. ತುಟಿ ಊದಿತ್ತು. ಕಣ್ಣು ಎನಿಡಳ ಮುಖ ಬಿಟ್ಟು ಕದಲುತ್ತಿರಲಿಲ್ಲ. ಗಂಡ ಸಾಯುವಾಗಲೂ ಅವಳು ಇಷ್ಟು ಹೆದರಿರಲಿಲ್ಲ. ಆ ಸಾವಿಗೆ ಅವಳು ಕಾರಣಳಾಗಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಸೂಜಿ ಚುಚ್ಚಿ, ಮೂಗಿಗೆ ನಳಿಕೆ ಸಿಕ್ಕಿಸಿ ಹೇಳಿದಳು: "ಗಂಟಲು ಪೂರ್ತಿ ಕಟ್ಟದೆ ಇನ್ನೊಂದು ಗಂಟೆ ದಾಟಿದ್ರೆ ಉಳೀತಾರೆ. ಅದನ್ನ ತಿನ್ನಿ ಅಂತ ಯಾರು ಹೇಳಿದ್ದು ಇವರಿಗೆ?"

ಲೆನಾಕ್ಸ್ ಚಿಕ್ಕಮ್ಮನ ಕಡೆ ನೋಡಿದ.

"ನಾನು," ಎಂದಳು ಎನಿಡ್.

ಆ ಒಂದು ಗಂಟೆ ಅವಳು ಅವನ ಎದೆಯ ಏರಿಳಿತದಿಂದ ಕಣ್ಣು ಕೀಳಲಿಲ್ಲ. ಒಮ್ಮೆ ಅದು ನಿಂತೇಹೋಯಿತೆನಿಸಿ ಎದ್ದು ನಿಂತಳು. ನಿಂತಿರಲಿಲ್ಲ. ನಿಧಾನವಾಗಿ ಸಿಳ್ಳೆ ಕಡಿಮೆಯಾಯಿತು. ನರ್ಸು ಗಂಟಲಿಗೆ ಬೆಳಕು ಬಿಟ್ಟು ನೋಡಿ, "ಇಳೀತಿದೆ," ಎಂದಳು. ಎನಿಡ್ ಕುರ್ಚಿಯಲ್ಲಿ ಕುಸಿದು ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ಒದ್ದೆ ಬಟ್ಟೆ ಮಡಚುವಾಗ ನರ್ಸಿನ ಕೈಗೆ ಅವನ ಜೇಬಿನಿಂದ ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದಳು. ಒಳಗೆ ಎರಡು ಹಣ್ಣು, ಒಂದು ಕಲೆಯೂ ಇಲ್ಲದವು, ಆರಿಸಿ ಇಟ್ಟವು.

ಡೂಗಲ್ ಊದಿದ ಕೈ ಎತ್ತಿ ಎನಿಡಳತ್ತ ತೋರಿಸಿದ.

"ನಿಮಗೆ ಅಂತ ತಂದಿದ್ರಂತೆ," ಎಂದಳು ನರ್ಸು.

ಎನಿಡ್ ಬಾಗಿಲತ್ತ ತಿರುಗಿದಳು.

"ಲೆನಾಕ್ಸ್, ನಿನ್ನ ದೋಣಿಗೆ ಬಳಿದ ಕೆಂಪು ಬಣ್ಣ ಒಂಚೂರಾದ್ರೂ ಉಳಿದಿದೆಯೇನೋ?"